ಕೆಲಸ ಬಿಡುವ ಮುನ್ನ, ಕಂಪನಿ ಕಟ್ಟುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ತಂತ್ರಾಂಶ ಎಂಜಿನಿಯರುಗಳು ನೌಕರಿ ಬಿಟ್ಟು ಸ್ವಂತ ಕಂಪನಿ ಆರಂಭಿಸುವ ವಿಚಾರವಾಗಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಾನು ಸಾಗರದ ಕಡೆಯವನು, ವಯಸ್ಸು 33. ಬೆಂಗಳೂರಿನಲ್ಲಿ ತಂತ್ರಾಂಶ ಎಂಜಿನಿಯರ್ ಆಗಿದ್ದೇನೆ. ಈಗಿನ ಕಂಪನಿಗೆ ಸೇರಿ ನಾಲ್ಕು ವರ್ಷ ಎಂಟು ತಿಂಗಳಾಯಿತು. ಅಡಿಕೆ ಮಂಡಿಗಳ ಲೆಕ್ಕ ನೋಡಿಕೊಳ್ಳುವ ತಂತ್ರಾಂಶವೊಂದನ್ನು ರಾತ್ರಿ ಹೊತ್ತು ಮತ್ತು ರಜಾದಿನಗಳಲ್ಲಿ ಕುಳಿತು ಬಹುಮಟ್ಟಿಗೆ ಬರೆದು ಮುಗಿಸಿದ್ದೇನೆ. ಮನೆ ಸಾಲದ ಕಂತು ಇದೆ, ಹೆಂಡತಿ ಸದ್ಯ ಕೆಲಸಕ್ಕೆ ಹೋಗುತ್ತಿಲ್ಲ, ಮಗುವಿಗೆ ಎರಡು ವರ್ಷ. ನೌಕರಿ ಬಿಟ್ಟು ಪೂರ್ಣಾವಧಿ ಇದರಲ್ಲೇ ತೊಡಗಬಹುದೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದ ಬಹುಭಾಗ ತಂತ್ರಾಂಶದ ವರ್ಣನೆಗೇ ಮೀಸಲಾಗಿದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಬಗೆಯ ಅಡಿಕೆಗೆ ಬೇರೆ ಬೇರೆ ದರ ಹಿಡಿದು ಪಟ್ಟಿ ತಯಾರಿಸುವ ಏರ್ಪಾಟನ್ನು ನೀವು ಅಚ್ಚುಕಟ್ಟಾಗಿ ವಿವರಿಸಿದ್ದೀರಿ. ಆದರೆ ಒಬ್ಬ ಮಂಡಿ ಮಾಲೀಕರಾದರೂ ಇದಕ್ಕೆ ತಿಂಗಳಿಗೆ ಇಷ್ಟು ಹಣ ಕೊಡಲು ಒಪ್ಪಿದ್ದಾರೆ ಎಂಬ ಒಂದು ಸಾಲು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಎಂಜಿನಿಯರುಗಳಿಂದ ಬರುವ ಪತ್ರಗಳಲ್ಲಿ ಹತ್ತಕ್ಕೆ ಎಂಟು ಹೀಗೆಯೇ ಇರುತ್ತವೆ. ಕಟ್ಟುವುದು ನಮಗೆ ಗೊತ್ತಿರುವ ಕೆಲಸವಾದ್ದರಿಂದ ಮೊದಲು ಅದಕ್ಕೇ ಕೈಹಾಕುತ್ತೇವೆ. ಅಪರಿಚಿತರ ಗದ್ದಿಗೆಯ ಮುಂದೆ ಕುಳಿತು ಹಣ ಕೇಳುವುದು ಮುಜುಗರದ ಕೆಲಸವಾದ್ದರಿಂದ ಅದನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ.

ರೆಡ್‌ಬಸ್ ಸಂಸ್ಥೆಯ ಆರಂಭದ ಕಥೆ ನಿಮಗೆ ನೇರವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮ ಅವರಿಗೆ 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಮರುವರ್ಷ ಇಬ್ಬರು ಗೆಳೆಯರ ಜೊತೆ ಸೇರಿ ಅವರು ಕಂಪನಿ ಆರಂಭಿಸಿದರು. ಅವರ ಮೊದಲ ಆಲೋಚನೆಯೂ ನಿಮ್ಮದರಂತೆಯೇ ಇತ್ತು: ಬಸ್ ಮಾಲೀಕರು ತಮ್ಮ ಸೀಟುಗಳ ಲೆಕ್ಕ ಇಡಲು ಒಂದು ತಂತ್ರಾಂಶ ಬರೆದುಕೊಡುವುದು. ಮಾಲೀಕರು ಅದರಲ್ಲಿ ಆಸಕ್ತಿ ತೋರಲಿಲ್ಲ. ಅವರಿಗೆ ಬೇಕಿದ್ದುದು ಲೆಕ್ಕವಲ್ಲ, ಖಾಲಿ ಸೀಟು ತುಂಬುವ ಪ್ರಯಾಣಿಕರು. ಆಗ ಈ ಮೂವರು ತಾವೇ ಟಿಕೆಟ್ ಮಾರಲು ತೊಡಗಿದರು, ಮಾರಾಟ ನಡೆದ ಮೇಲೆ ಮಾಲೀಕರು ಮಾತು ಕೇಳಲು ಸಿದ್ಧರಾದರು. 2013ರಲ್ಲಿ ಐಬಿಬೊ ಸಮೂಹ ಆ ಕಂಪನಿಯನ್ನು ಕೊಂಡಿತು.

ಮಂಡಿಯ ವ್ಯವಹಾರದಲ್ಲಿಯೂ ಇಂಥದ್ದೊಂದು ಒಳಸುಳಿ ಇರಬಹುದು ಎಂಬುದು ನನ್ನ ಅನುಮಾನ. ಬೆಳೆಗಾರರಿಗೆ ಕೊಟ್ಟ ಮುಂಗಡದ ಲೆಕ್ಕ ಮಂಡಿ ಮಾಲೀಕರ ಪಾಲಿಗೆ ಮನೆಯ ಗುಟ್ಟಿದ್ದಂತೆ. ಅದನ್ನು ಪರಿಚಯವಿಲ್ಲದ ಹುಡುಗನೊಬ್ಬನ ಸರ್ವರಿನಲ್ಲಿ ಇಡಲು ಅವರು ಸುಲಭವಾಗಿ ಒಪ್ಪಲಾರರು. ಅವರಿಗೆ ನಿಜವಾಗಿ ತಲೆನೋವಾಗಿರುವುದು ಬೇರೆಯೇ ಇರಬಹುದು: ತೆರಿಗೆ ಪಟ್ಟಿ, ಬಾಕಿ ವಸೂಲಿ, ಅಥವಾ ಸುಗ್ಗಿಯ ಎರಡು ತಿಂಗಳು ಮಾತ್ರ ಸಾಲದೆ ಬರುವ ಗುಮಾಸ್ತರು. ಆದ್ದರಿಂದ ರಾಜೀನಾಮೆ ಪತ್ರ ಬರೆಯುವ ಮೊದಲು ಸಾಗರ, ಶಿವಮೊಗ್ಗ, ಶಿರಸಿಯ ಮಂಡಿಗಳಲ್ಲಿ ಕುಳಿತು ಅವರ ಖಾತೆ ಪುಸ್ತಕಗಳನ್ನು ನೋಡಿ. ಕಡಿಮೆ ದರವಾದರೂ ಸರಿ, ಮೂರು ಮಂಡಿಗಳಿಂದ ಮುಂಗಡ ಹಣ ಪಡೆಯಿರಿ. ‘ಚೆನ್ನಾಗಿದೆ, ಮಾಡಿ ನೋಡೋಣ’ ಎಂಬ ಮಾತನ್ನು ಮಾತ್ರ ಒಪ್ಪಿಗೆ ಎಂದು ಎಣಿಸಬೇಡಿ. ನಮ್ಮ ಕಡೆಯವರು ಮನೆಗೆ ಬಂದವರಿಗೆ ಇಲ್ಲ ಎನ್ನುವುದಿಲ್ಲ.

ಇನ್ನು ಸಂಸಾರದ ಲೆಕ್ಕ. ಗ್ರ್ಯಾಚುಟಿ ಪಡೆಯಲು ಒಂದೇ ಕಡೆ ಐದು ವರ್ಷದ ಸೇವೆ ಬೇಕು. ನಿಮ್ಮ ಮೂಲವೇತನ ತಿಂಗಳಿಗೆ 60 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ, ಇನ್ನು ನಾಲ್ಕು ತಿಂಗಳು ತಾಳಿದರೆ ಸುಮಾರು 1.73 ಲಕ್ಷ ರೂಪಾಯಿ ಕೈಸೇರುತ್ತದೆ. ಕಂಪನಿಯ ಆರೋಗ್ಯ ವಿಮೆ ನೀವು ಹೊರಬಂದೊಡನೆ ನಿಲ್ಲುವುದರಿಂದ ಕುಟುಂಬಕ್ಕೆ ಪ್ರತ್ಯೇಕ ವಿಮೆಯನ್ನು ನೌಕರಿಯಲ್ಲಿರುವಾಗಲೇ ಮಾಡಿಸಿ, ಏಕೆಂದರೆ ಹೊಸ ವಿಮೆಯಲ್ಲಿ ಕೆಲವು ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಕಂತು ಸೇರಿದಂತೆ ಹದಿನೆಂಟು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಬೇಕು ಎಂಬುದು ನನ್ನ ಅಳತೆ. ಹನ್ನೆರಡು ತಿಂಗಳು ಸಾಕು ಎನ್ನುವವರಿದ್ದಾರೆ; ಅವರಲ್ಲಿ ಹೆಚ್ಚಿನವರಿಗೆ ಮನೆ ಸಾಲ ಇರುವುದಿಲ್ಲ.

ಪ್ರಶ್ನೆ: ನೌಕರಿಯಲ್ಲಿದ್ದುಕೊಂಡೇ ಬರೆದ ಕೋಡ್ ಯಾರ ಸ್ವತ್ತು? ಬಿಟ್ಟ ಮೇಲೆ ಒಂದು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದೆಂದು ನನ್ನ ನೇಮಕಾತಿ ಪತ್ರದಲ್ಲಿದೆ. ಅದು ನನ್ನನ್ನು ಕಟ್ಟಿಹಾಕುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಮೊದಲಿನದಕ್ಕೆ ಉತ್ತರ ನಿಮಗೆ ಹಿತವಾಗದಿರಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಗೆ ಮೊದಲ ಒಡೆಯ ಉದ್ಯೋಗದಾತನೇ, ಮತ್ತು ತಂತ್ರಾಂಶವೂ ಈ ಕಾಯಿದೆಯ ದೃಷ್ಟಿಯಲ್ಲಿ ಕೃತಿಯೇ. ರಾತ್ರಿ ಮನೆಯಲ್ಲಿ ಕುಳಿತು, ಕಂಪನಿಯ ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ಬರೆದರೆ ಅದು ನಿಮ್ಮದೆಂದು ವಾದಿಸಬಹುದು. ಆದರೆ ಅನೇಕ ನೇಮಕಾತಿ ಪತ್ರಗಳು ಇದಕ್ಕೂ ಮುಂದೆ ಹೋಗಿ, ಸೇವಾವಧಿಯಲ್ಲಿ ನೀವು ಸೃಷ್ಟಿಸಿದ್ದೆಲ್ಲವೂ ಕಂಪನಿಗೇ ಸೇರಿದ್ದು ಎಂದು ಬರೆಸಿಕೊಂಡಿರುತ್ತವೆ. ಆ ಪುಟವನ್ನು ಇಂದೇ ಹುಡುಕಿ ಓದಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಮಿಂಚಂಚೆ, ಕಂಪನಿ ಹಣ ತೆತ್ತ ಯಾವುದೇ ತಂತ್ರಾಂಶ ಪರವಾನಗಿ, ಇವನ್ನು ನಿಮ್ಮ ಸ್ವಂತ ಕೆಲಸಕ್ಕೆ ಮುಟ್ಟಲೇಬೇಡಿ. ಮುಂದೆ ಹೂಡಿಕೆದಾರರು ಬಂದಾಗ ಅವರ ವಕೀಲರು ಕೇಳುವ ಮೊದಲ ಕೆಲವು ಪ್ರಶ್ನೆಗಳಲ್ಲಿ ಇದೂ ಒಂದು: ಕೋಡಿನ ಮೊದಲ ಸಾಲು ಬರೆದ ದಿನ ನೀವು ಯಾರ ಸಂಬಳ ತಿನ್ನುತ್ತಿದ್ದಿರಿ?

ಎರಡನೆಯದರಲ್ಲಿ ಕಾನೂನು ನಿಮ್ಮ ಕಡೆಗಿದೆ. 1872ರ ಕರಾರು ಕಾಯಿದೆಯ 27ನೆಯ ಸೆಕ್ಷನ್, ಕಾನೂನುಬದ್ಧ ವೃತ್ತಿ ಅಥವಾ ವ್ಯಾಪಾರ ನಡೆಸದಂತೆ ತಡೆಯುವ ಕರಾರನ್ನು ಅಸಿಂಧು ಎನ್ನುತ್ತದೆ. ನೌಕರಿ ಬಿಟ್ಟ ನಂತರಕ್ಕೂ ಚಾಚಿಕೊಂಡ ಇಂಥ ನಿರ್ಬಂಧಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಆದರೆ ನೌಕರಿಯಲ್ಲಿರುವಾಗಲೇ ಪ್ರತಿಸ್ಪರ್ಧೆ ನಡೆಸುವುದು ಬೇರೆ ಮಾತು. 2022ರಲ್ಲಿ ವಿಪ್ರೊ ಸಂಸ್ಥೆ ಇದೇ ಕಾರಣಕ್ಕೆ 300 ಮಂದಿಯನ್ನು ಕೆಲಸದಿಂದ ತೆಗೆದುದು ನೆನಪಿರಬಹುದು. ಗೋಪ್ಯತೆಯ ಷರತ್ತುಗಳು ನೀವು ಹೊರಬಂದ ಮೇಲೂ ಉಳಿಯುತ್ತವೆ. ಹಳೆಯ ಕಂಪನಿಯ ಗ್ರಾಹಕರ ಪಟ್ಟಿಯನ್ನು ಹೊತ್ತು ತರುವುದು ನ್ಯಾಯಾಲಯಕ್ಕೆ ಹೋಗಲು ಹತ್ತಿರದ ದಾರಿ. ನಿಮ್ಮ ಪತ್ರವನ್ನು ಒಮ್ಮೆ ವಕೀಲರಿಗೆ ತೋರಿಸಿ, ಅಂಕಣದ ಉತ್ತರ ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನ ಗೆಳೆಯ ಮತ್ತು ನಾನು ಸೇರಿ ಹುಬ್ಬಳ್ಳಿಯಲ್ಲಿ ಕಂಪನಿ ಮಾಡುತ್ತಿದ್ದೇವೆ. ನಾನು ಈಗಾಗಲೇ ನೌಕರಿ ಬಿಟ್ಟಿದ್ದೇನೆ, ಅವನು ಆರು ತಿಂಗಳ ನಂತರ ಬರುತ್ತಾನಂತೆ. ಷೇರು ಅರ್ಧರ್ಧ ಎಂದು ಮಾತಾಗಿದೆ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡುವುದೋ, ಪ್ರೈವೇಟ್ ಲಿಮಿಟೆಡ್ ಮಾಡುವುದೋ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕೇಳಿದ್ದಕ್ಕೆ ಚಿಕ್ಕ ಉತ್ತರ ಸಾಕು. ಹೊರಗಿನ ಹೂಡಿಕೆ ತರುವ ಅಥವಾ ಕೆಲಸಗಾರರಿಗೆ ಷೇರು ಕೊಡುವ ಉದ್ದೇಶವಿದ್ದರೆ ಪ್ರೈವೇಟ್ ಲಿಮಿಟೆಡ್; ಗಳಿಸಿದ್ದನ್ನು ಹಂಚಿಕೊಂಡು ಸೇವಾ ವ್ಯವಹಾರ ನಡೆಸುವುದಾದರೆ ಎಲ್‌ಎಲ್‌ಪಿ. ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಸಾಕು. ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳವಿರಬೇಕೆಂಬ ನಿಯಮ 2015ರಲ್ಲಿಯೇ ಹೋಯಿತು.

ನೀವು ಕೇಳದೇ ಬಿಟ್ಟ ಪ್ರಶ್ನೆಯೇ ದೊಡ್ಡದು. ಆರು ತಿಂಗಳ ನಂತರ ಬರುತ್ತೇನೆಂದ ಗೆಳೆಯ ಬಾರದೇ ಹೋದರೆ ಏನು? ಅಥವಾ ಬಂದು, ಎಂಟು ತಿಂಗಳು ದುಡಿದು, ಮದುವೆಯಾಗಿ ಅಮೆರಿಕಕ್ಕೆ ಹೊರಟರೆ? ಕಾಗದದ ಮೇಲೆ ಅವರು ಅರ್ಧ ಕಂಪನಿಯ ಒಡೆಯರಾಗಿಯೇ ಇರುತ್ತಾರೆ, ಮುಂದಿನ ಹತ್ತು ವರ್ಷ ನೀವು ಒಬ್ಬರೇ ದುಡಿದರೂ ಅದರಲ್ಲಿ ಅರ್ಧ ಅವರದೇ. ಇದಕ್ಕೆ ಉದ್ಯಮದವರು ಕಂಡುಕೊಂಡ ಪರಿಹಾರವೆಂದರೆ ‘ವೆಸ್ಟಿಂಗ್’: ಷೇರುಗಳು ಒಂದೇ ದಿನ ಪೂರ್ತಿ ನಿಮ್ಮವಾಗುವುದಿಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಆಗುತ್ತವೆ. ಮೊದಲ ಒಂದು ವರ್ಷ ತುಂಬುವ ಮುನ್ನ ಬಿಟ್ಟು ಹೋದವರಿಗೆ ಏನೂ ಉಳಿಯುವುದಿಲ್ಲ. ಎರಡು ವರ್ಷ ದುಡಿದು ಹೋದವರಿಗೆ ಅರ್ಧ ಉಳಿಯುತ್ತದೆ. ಇದು ನಿಮಗೂ ಅನ್ವಯವಾಗಬೇಕು, ಅವರಿಗೂ ಅನ್ವಯವಾಗಬೇಕು, ಮತ್ತು ಷೇರುದಾರರ ಕರಾರಿನಲ್ಲಿ ಬರೆದಿರಬೇಕು. ಅವರ ಗಡಿಯಾರ ಶುರುವಾಗುವುದು ಅವರು ನೌಕರಿ ಬಿಟ್ಟು ಬಂದ ದಿನದಿಂದ. ಗೆಳೆತನದಲ್ಲಿ ಇಂಥ ಕಾಗದವೇಕೆ ಎಂದು ಅವರು ಬೇಸರಿಸಿದರೆ, ಆ ಬೇಸರವನ್ನು ಈಗಲೇ ಎದುರಿಸುವುದು ಅಗ್ಗ.

ಇನ್ಫೊಸಿಸ್‌ನ ಉದಾಹರಣೆ ಎಲ್ಲರೂ ಹೇಳುತ್ತಾರೆ, ಆದರೆ ಅದರ ಈ ಭಾಗವನ್ನು ಹೇಳುವುದು ಕಡಿಮೆ. 1981ರಲ್ಲಿ ಪುಣೆಯಲ್ಲಿ ಏಳು ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಯಿಂದ ಆರಂಭಿಸಿ 1983ರಲ್ಲಿ ಬೆಂಗಳೂರಿಗೆ ತಂದ ಕಂಪನಿ ಅದು. ಏಳು ಮಂದಿಯಲ್ಲಿ ಅಶೋಕ್ ಅರೋರಾ ಎಂಬುವರು 1989ರಲ್ಲಿ ಹೊರಹೋದರು. ಮರುವರ್ಷ ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಕೊಳ್ಳುವ ಪ್ರಸ್ತಾಪ ಬಂದಾಗ ಉಳಿದವರಲ್ಲಿ ಮಾರುವ ಮನಸ್ಸು ಮೂಡಿತ್ತು. ಮಾರಬೇಕೆನ್ನುವವರ ಪಾಲನ್ನು ತಾನೇ ಕೊಳ್ಳುತ್ತೇನೆ ಎಂದು ನಾರಾಯಣಮೂರ್ತಿ ಅವರು ಹೇಳಿದ ಮೇಲೆ ಯಾರೂ ಮಾರಲಿಲ್ಲ. ಯಾರು ಹೊರಹೋಗಬಹುದು, ಹೋಗುವವರ ಪಾಲನ್ನು ಯಾರು ಯಾವ ಬೆಲೆಗೆ ಕೊಳ್ಳಬಹುದು ಎಂಬ ಪ್ರಶ್ನೆ ಅಷ್ಟು ಒಗ್ಗಟ್ಟಿನ ತಂಡಕ್ಕೂ ಹತ್ತು ವರ್ಷದೊಳಗೆ ಎರಡು ಸಲ ಎದುರಾಯಿತು ಎಂಬುದನ್ನು ಗಮನಿಸಿ.

ಅರ್ಧರ್ಧದ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಇಬ್ಬರಿಗೂ ಸಮಪಾಲಿದ್ದು ಅಭಿಪ್ರಾಯಭೇದ ಬಂದರೆ ತೀರ್ಮಾನಿಸುವವರೇ ಇರುವುದಿಲ್ಲ. ಶೇ 51 ಮತ್ತು ಶೇ 49 ಎಂದಾದರೂ ಮಾಡಿ, ಇಲ್ಲವೇ ಯಾವ ವಿಷಯದಲ್ಲಿ ಯಾರ ಮಾತು ಕೊನೆಯದು ಎಂದಾದರೂ ಬರೆದುಕೊಳ್ಳಿ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಎಂಟು ಜನರ ಕಂಪನಿ, ಗ್ರಾಹಕರಿದ್ದಾರೆ, ಸಣ್ಣ ಲಾಭವೂ ಇದೆ. ಹೂಡಿಕೆದಾರರೊಬ್ಬರು ಒಂದು ಕೋಟಿ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ತೆಗೆದುಕೊಳ್ಳದಿದ್ದರೆ ಹಿಂದೆ ಬೀಳುತ್ತೇವೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ.
– ಓದುಗರು, ಮಂಗಳೂರು

ಉತ್ತರ: ಹೆದರಬೇಕಾಗಿಲ್ಲ. ಹೊರಗಿನ ಹೂಡಿಕೆಯಿಲ್ಲದೆ ಬೆಳೆದ ಕಂಪನಿಗಳು ನಮ್ಮ ಕಣ್ಣೆದುರಿಗೇ ಇವೆ. 1996ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾದ ತಂತ್ರಾಂಶ ಕಂಪನಿ ಜೋಹೊ, 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಷೇರು ದಲ್ಲಾಳಿ ಕಂಪನಿ ಜೆರೋಧಾ, ಎರಡೂ ತಮ್ಮ ಗಳಿಕೆಯಿಂದಲೇ ಬೆಳೆದವು. ನಿಮ್ಮ ನೆರೆಯ ಉಡುಪಿಯಲ್ಲಿ ರೋಹಿತ್ ಭಟ್ ಅವರು 1996ರಲ್ಲಿ ಆರಂಭಿಸಿದ ರೋಬೊಸಾಫ್ಟ್ ಕಂಪನಿಯನ್ನು 2021ರಲ್ಲಿ ಜಪಾನಿನ ಟೆಕ್ನೊಪ್ರೊ ಸಂಸ್ಥೆ 805 ಕೋಟಿ ರೂಪಾಯಿಗೆ ಕೊಂಡಿತು. ಆ ಕಂಪನಿ ನಡುವೆ ಹೊರಗಿನ ಹೂಡಿಕೆಯನ್ನೂ ಪಡೆದಿತ್ತು, ಆ ಬೆಳವಣಿಗೆಗೆ ಕಾಲು ಶತಮಾನ ಹಿಡಿಯಿತು ಎಂಬುದೂ ನಿಜ. ಇನ್ನೊಂದು ದಿಕ್ಕಿನಲ್ಲಿ ಫ್ಲಿಪ್‌ಕಾರ್ಟ್ ಇದೆ. 2007ರಲ್ಲಿ ಅಮೆಜಾನ್‌ನ ಇಬ್ಬರು ಮಾಜಿ ಎಂಜಿನಿಯರುಗಳು ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುಮಾಡಿದ ಕಂಪನಿ 2018ರಲ್ಲಿ ವಾಲ್‌ಮಾರ್ಟ್‌ಗೆ 1,600 ಕೋಟಿ ಡಾಲರಿಗೆ ಶೇ 77ರಷ್ಟು ಪಾಲು ಬಿಟ್ಟುಕೊಟ್ಟಿತು. ಗೋದಾಮು, ಸಾಗಣೆ, ರಿಯಾಯಿತಿ ಎಂದು ನೀರಿನಂತೆ ಹಣ ಬೇಡುವ ಆ ವ್ಯವಹಾರ ಹೂಡಿಕೆಯಿಲ್ಲದೆ ನಡೆಯುತ್ತಲೇ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಸಂಸ್ಥಾಪಕರ ಪಾಲು ತಲಾ ಶೇ 5ರ ಆಸುಪಾಸಿಗೆ ಇಳಿದಿತ್ತು.

ನಿಮಗೆ ಅನ್ವಯಿಸುವ ಲೆಕ್ಕವನ್ನು ಕೂಡಿ ಕಳೆದು ನೋಡೋಣ. ಸಂಸ್ಥಾಪಕರು ನೀವಿಬ್ಬರು ಎಂದುಕೊಳ್ಳೋಣ. ಈಗ ನಾಲ್ಕು ಕೋಟಿ ಬೆಲೆ ಕಟ್ಟಿದ ಕಂಪನಿಗೆ ಒಂದು ಕೋಟಿ ಬಂದರೆ ಅವರ ಪಾಲು ಶೇ 20, ನಿಮಗೆ ತಲಾ ಶೇ 40. ಮುಂದಿನ ಸುತ್ತಿನಲ್ಲಿ ಕೆಲಸಗಾರರಿಗೆಂದು ಶೇ 10ರಷ್ಟು ಷೇರು ತೆಗೆದಿಟ್ಟು, ಆಮೇಲೆ ಇನ್ನೊಬ್ಬರಿಂದ ಒಂಬತ್ತು ಕೋಟಿ ಪಡೆದು ಶೇ 20 ಕೊಟ್ಟರೆ ನಿಮ್ಮದು ತಲಾ ಶೇ 28.8. ಇಲ್ಲಿಯವರೆಗಿನ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಮುಂದಿನದರಲ್ಲಿ. ಕಂಪನಿ ಮಾರಾಟವಾದರೆ ಮೊದಲು ತಾವು ಹಾಕಿದ ಹಣವನ್ನು ಹಿಂಪಡೆಯುವ ಆದ್ಯತೆಯನ್ನು ಹೂಡಿಕೆದಾರರು ಕರಾರಿನಲ್ಲಿ ಬರೆಸಿಕೊಂಡಿರುತ್ತಾರೆ. ಎರಡು ವರ್ಷದ ನಂತರ ಹನ್ನೆರಡು ಕೋಟಿಗೆ ಕಂಪನಿ ಮಾರಿದಿರಿ ಎನ್ನಿ. ಶೇ 28.8ರ ಪ್ರಕಾರ ನಿಮಗೆ ಸುಮಾರು 3.46 ಕೋಟಿ ಬರಬೇಕು ಎಂದು ನೀವು ಎಣಿಸಿರುತ್ತೀರಿ. ಆದರೆ ಹೂಡಿಕೆದಾರರು ತಮ್ಮ ಹತ್ತು ಕೋಟಿಯನ್ನು ಮೊದಲು ತೆಗೆದುಕೊಂಡ ಮೇಲೆ ಉಳಿಯುವ ಎರಡು ಕೋಟಿಯಲ್ಲಿ ಕೆಲಸಗಾರರ ಪಾಲೂ ಹೋಗಿ ನಿಮಗೆ ಸಿಗುವುದು ತಲಾ ಸುಮಾರು 88 ಲಕ್ಷ. ಪತ್ರಿಕೆಗಳಲ್ಲಿ ಬರುವ ‘ಇಷ್ಟು ಕೋಟಿಗೆ ಮಾರಾಟ’ ಎಂಬ ಸುದ್ದಿಯನ್ನು ನಾನು ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತೇನೆ.

ಇದರಲ್ಲಿ ಮೋಸವೇನೂ ಇಲ್ಲ, ಅಪಾಯಕ್ಕೆ ಹಣ ಹಾಕಿದವರು ಕೇಳುವ ನ್ಯಾಯವಾದ ಬೆಲೆ ಅದು. ನೀವು ಕೇಳಿಕೊಳ್ಳಬೇಕಾದದ್ದು ಬೇರೆ: ಒಂದು ಕೋಟಿ ಬಂದರೆ ನಾಳೆ ಬೆಳಿಗ್ಗೆ ಅದನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ? ಬೇಡಿಕೆ ಇದ್ದು ಪೂರೈಸಲು ಕೈ ಸಾಲದಿದ್ದರೆ ತೆಗೆದುಕೊಳ್ಳಿ. ಉತ್ತರ ಹೇಳಲು ತಡವರಿಸಿದರೆ ಬೇಡ. ಹೂಡಿಕೆದಾರರಿಗೆ ಐದಾರು ವರ್ಷದಲ್ಲಿ ಹಣ ಹಿಂದಿರುಗಿ ಬೇಕು, ಸಣ್ಣ ಲಾಭದ ನೆಮ್ಮದಿಯ ಕಂಪನಿ ಅವರಿಗೆ ಉಪಯೋಗವಿಲ್ಲ.

ಪ್ರಶ್ನೆ: ಮೂರು ವರ್ಷ ನಡೆಸಿದ ನವೋದ್ಯಮವನ್ನು ನಿಲ್ಲಿಸಿದ್ದೇನೆ, ವಯಸ್ಸು 37. ಮತ್ತೆ ನೌಕರಿಗೆ ಅರ್ಜಿ ಹಾಕಲು ಸಂಕೋಚವಾಗುತ್ತಿದೆ. ಸಂದರ್ಶನದಲ್ಲಿ ಏನು ಹೇಳಲಿ?
– ಹೆಸರು, ಊರು ಬೇಡ

ಉತ್ತರ: ನಡೆದದ್ದನ್ನೇ ಹೇಳಿ. ಏನು ಕಟ್ಟಿದಿರಿ, ಎಷ್ಟು ಜನ ಬಳಸಿದರು, ಎಷ್ಟು ಹಣ ಬಂತು, ಏಕೆ ನಿಂತಿತು. ನಾಲ್ಕು ವಾಕ್ಯ ಸಾಕು. ಮಾರುಕಟ್ಟೆಯನ್ನೋ ಗೆಳೆಯನನ್ನೋ ದೂರುತ್ತ ಹೋದರೆ ಎದುರಿಗಿರುವವರು ಕೇಳುವುದನ್ನು ನಿಲ್ಲಿಸುತ್ತಾರೆ. ನಾರಾಯಣಮೂರ್ತಿ ಅವರೂ ಇನ್ಫೊಸಿಸ್‌ಗೆ ಮೊದಲು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಮಾಡಿ, ಅದು ನಡೆಯದೆ, ಪುಣೆಯ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ನೌಕರಿಗೆ ಸೇರಿದವರು. ಮುಂದಿನ ಕಂಪನಿಯ ಜೊತೆಗಾರರು ಅವರಿಗೆ ಸಿಕ್ಕಿದ್ದು ಆ ನೌಕರಿಯಲ್ಲಿಯೇ. ತಾಂತ್ರಿಕ ಸಂದರ್ಶನಕ್ಕೆ ಮಾತ್ರ ಹೊಸದಾಗಿ ತಯಾರಿ ಬೇಕು. ಸಂಸ್ಥಾಪಕರಾದವರು ಮೂರು ವರ್ಷದಲ್ಲಿ ಕೋಡ್ ಬರೆಯುವುದಕ್ಕಿಂತ ಹೆಚ್ಚಾಗಿ ಬಾಕಿ ವಸೂಲಿ ಮಾಡಿರುತ್ತಾರೆ.

ಸಂಕೋಚಕ್ಕಿಂತ ನನಗೆ ಚಿಂತೆಯಾದದ್ದು ‘ನಿಲ್ಲಿಸಿದ್ದೇನೆ’ ಎಂಬ ಮಾತು. ಕಚೇರಿಗೆ ಬೀಗ ಹಾಕಿದರೆ ಕಂಪನಿ ಮುಚ್ಚಿದಂತಲ್ಲ. ಸತತ ಮೂರು ಆರ್ಥಿಕ ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಬೇರೆ ಯಾವ ಕಂಪನಿಗೂ ನಿರ್ದೇಶಕರಾಗಿ ನೇಮಕವಾಗುವಂತಿಲ್ಲ. 2017ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಅನರ್ಹರಾದರು, ಅವರಲ್ಲಿ ಎಷ್ಟೋ ಜನ ವಂಚಕರಲ್ಲ, ಕಾಗದ ಸಲ್ಲಿಸದೆ ಸುಮ್ಮನಿದ್ದವರು. ಸಾಲ ಮತ್ತು ತೆರಿಗೆ ಬಾಕಿಗಳನ್ನು ತೀರಿಸಿ, ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿ, ಎಸ್‌ಟಿಕೆ–2 ಅರ್ಜಿ ಹಾಕಿ ಕಂಪನಿಯ ಹೆಸರನ್ನು ದಾಖಲೆಯಿಂದ ತೆಗೆಸಿ. ಮುಂದೊಮ್ಮೆ ಇನ್ನೊಂದು ಕಂಪನಿ ಮಾಡುವ ಮನಸ್ಸಾದಾಗ ಈ ಕೆಲಸ ಬಾಕಿ ಉಳಿದಿರಬಾರದು.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿ ಶುರುಮಾಡಿದ್ದಾನೆ. ನಲವತ್ತು ಲಕ್ಷ ಸಾಲಕ್ಕೆ ನಮ್ಮ ಗದ್ದೆ ಅಡವಿಟ್ಟು, ನಾನೂ ಜಾಮೀನು ಸಹಿ ಹಾಕಬೇಕಂತೆ. ಕಂಪನಿ ಲಿಮಿಟೆಡ್ ಆದ್ದರಿಂದ ನಷ್ಟವಾದರೂ ನಮಗೆ ತಟ್ಟುವುದಿಲ್ಲ ಎನ್ನುತ್ತಾನೆ. ನಿಜವೇ?
– ತಾಯಿಯೊಬ್ಬರು, ಮಂಡ್ಯ

ಉತ್ತರ: ಅಮ್ಮಾ, ಅದು ಅರ್ಧ ಮಾತ್ರ ನಿಜ. ಲಿಮಿಟೆಡ್ ಕಂಪನಿಯ ಸಾಲ ಷೇರುದಾರರ ಮನೆಮಠಕ್ಕೆ ತಟ್ಟುವುದಿಲ್ಲ ಎಂಬುದು ಸರಿ. ಆದರೆ ನೀವು ಜಾಮೀನು ಪತ್ರಕ್ಕೆ ಸಹಿ ಹಾಕಿದ ಗಳಿಗೆಯಿಂದ ಆ ರಕ್ಷಣೆ ನಿಮ್ಮ ಮಟ್ಟಿಗೆ ಇರುವುದಿಲ್ಲ. ಕರಾರು ಕಾಯಿದೆಯ 128ನೆಯ ಸೆಕ್ಷನ್ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬ್ಯಾಂಕು ಮೊದಲು ಮಗನನ್ನು ಕೇಳಿ ಆಮೇಲೆ ನಿಮ್ಮನ್ನು ಕೇಳಬೇಕೆಂಬ ನಿಯಮವೂ ಇಲ್ಲ.

ನಿಮ್ಮ ಮಗ ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ, ಈ ವ್ಯತ್ಯಾಸ ತಿಳಿಯದ ಎಂಜಿನಿಯರುಗಳು ಬೇಕಾದಷ್ಟಿದ್ದಾರೆ. ಅವರಿಂದ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಆ ಹಣ ಯಾವುದಕ್ಕೆ? ಗ್ರಾಹಕರಿಂದ ಬಂದ ಖಚಿತ ಆದೇಶವೊಂದನ್ನು ಪೂರೈಸುವುದಕ್ಕಾದರೆ ಆ ಆದೇಶದ ಕಾಗದ ತೋರಿಸಲಿ. ಇನ್ನೂ ಗ್ರಾಹಕರಿಲ್ಲದ ಕಂಪನಿಯ ಸಂಬಳ, ಬಾಡಿಗೆಗಳಿಗಾದರೆ ಸಾಲ ತಕ್ಕ ದಾರಿಯಲ್ಲ. ಬಡ್ಡಿ ಮೊದಲ ತಿಂಗಳಿನಿಂದಲೇ ಓಡುತ್ತದೆ, ಆದಾಯ ಯಾವಾಗ ಬರುವುದೋ ಹೇಳಲಾಗದು. ಎರಡನೆಯದು, ಅಡಮಾನವಿಲ್ಲದ ದಾರಿಗಳನ್ನು ಪ್ರಯತ್ನಿಸಿದ್ದಾರೆಯೇ? ಸಣ್ಣ ಉದ್ದಿಮೆಗಳಿಗೆ ಆಸ್ತಿ ಒತ್ತೆಯಿಲ್ಲದೆ ಸಾಲ ಸಿಗುವಂತೆ ಬ್ಯಾಂಕುಗಳಿಗೆ ಖಾತರಿ ನೀಡುವ ಸಿಜಿಟಿಎಂಎಸ್‌ಇ ಎಂಬ ನಿಧಿಯನ್ನು ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ದಿಮೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿಯೇ ಸ್ಥಾಪಿಸಿವೆ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದನ್ನು ಹಿಂದಿರುಗಿಸಬೇಕಾಗಿಲ್ಲ, ಪಾಲೂ ಕೊಡಬೇಕಾಗಿಲ್ಲ. ಪೈಪೋಟಿ ಹೆಚ್ಚಿದ್ದರೂ ಗದ್ದೆಯ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ಅರ್ಜಿ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ.

ಗದ್ದೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ನೀವು ಬರೆದಿಲ್ಲ. ಪಿತ್ರಾರ್ಜಿತವಾಗಿದ್ದರೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದರಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ನಿಮಗೆ ಮಗಳಿದ್ದರೆ, ಮದುವೆಯಾಗಿ ಹೋಗಿದ್ದರೂ, ಅವರನ್ನು ಕೂಡಿಸಿಕೊಂಡು ಮಾತಾಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.